ಅಂಗಳದಲ್ಲಿ ನಿಂತು ಬರೆದ ತೂಕ

ಹುಣಸೂರು
12-6-2003

ಅಮ್ಮನಿಗೆ ರಾಧಾ ಮಾಡುವ ನಮಸ್ಕಾರ.

ಈ ಮಕ್ಕಳ ಆರೋಗ್ಯ ಅಧ್ಯಯನದ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಹತ್ತು ದಿನವಾಯಿತು. ಫೋನಿನಲ್ಲೇ ಹೇಳೋಣವೆಂದರೆ ನೀನು ಶಿವಣ್ಣನ ಅಂಗಡಿಯಲ್ಲಿ ರಿಸೀವರ್ ಹಿಡಿದ ಕೂಡಲೇ ಅರ್ಧ ಊರು ಬೀಡಿ ಕೊಳ್ಳುವ ನೆಪದಲ್ಲಿ ಬಂದು ನಿಲ್ಲುತ್ತದೆ. ಅದಕ್ಕೇ ಕಾಗದ.

ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಹಳೇ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹತ್ತಿಸುವುದು. ಮೊದಲ ದಿನ ಬೀರುವಿನಿಂದ ಎಳೆದ ಮೊದಲ ಪುಸ್ತಕವೇ ನಿನ್ನದು! ಅದೇ ದುಂಡು ಅಕ್ಷರ, ಕೆಳಗೆ "ಕ್ಷೇತ್ರ ಕಾರ್ಯಕರ್ತೆ: ಎನ್. ಸೋಮಮ್ಮ". ಡಾಕ್ಟರ್ ವೀರಭದ್ರಸ್ವಾಮಿಯವರಿಗೆ ನಾನು ನಿನ್ನ ಮಗಳೆಂದು ತಿಳಿದಿದ್ದೇ ತಡ, ಎಲ್ಲರನ್ನೂ ಕರೆದು ಹೇಳಿದರು, "ಒಂದೇ ಒಂದು ಮನೆ ಖಾಲಿ ಬಿಡದ ಪುಸ್ತಕ ಅಂದ್ರೆ ಸೋಮಮ್ಮನವರದು ಕಣ್ರೀ." ನನಗೆ ಕೂತಲ್ಲೇ ಎರಡಿಂಚು ಬೆಳೆದ ಹಾಗಾಯಿತು.

ನಿನ್ನನ್ನು ಊರಿನವರು "ತೂಕದ ಸೋಮವ್ವ" ಅನ್ನುವಾಗ ನನಗೆ ನಾಚಿಕೆಯಾಗುತ್ತಿತ್ತು. ತಕ್ಕಡಿ ಚೀಲ ಹೆಗಲಿಗೆ ಹಾಕಿಕೊಂಡು ಹುಟ್ಟಿದ ಮಕ್ಕಳನ್ನೆಲ್ಲ ತೂಗುತ್ತಾ ತಿರುಗುವುದು ಯಾಕೆ ಅಂತ ಆಗ ಗೊತ್ತಿರಲಿಲ್ಲ. ಈಗ ಡಾಕ್ಟರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಹುಟ್ಟಿದ ದಿನದ ತೂಕ ಹಿಡಿದು, ಆ ಮಕ್ಕಳನ್ನು ಅವರು ಮುದುಕರಾಗುವ ತನಕ ಬಿಡದೆ ಹಿಂಬಾಲಿಸುವುದು. ಸಣ್ಣಗೆ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚೇ ಎಂದು ನೋಡುವುದು. ಲೆಕ್ಕ ಮುಗಿಯುವ ಹೊತ್ತಿಗೆ ಡಾಕ್ಟರು ಇರುವುದಿಲ್ಲವಂತೆ, ನಾನೂ ಕೋಲು ಹಿಡಿದಿರುತ್ತೇನಂತೆ. ನೀನು ತೂಗಿದ ಮಕ್ಕಳಿಗೆ ಈಗ ಹನ್ನೆರಡರಿಂದ ಹದಿನಾಲ್ಕು ವರ್ಷ. ಅವರನ್ನೆಲ್ಲ ರಕ್ತಪರೀಕ್ಷೆಗೆ ಕರೆಸುವುದು ಈ ವರ್ಷ ಶುರು.

ಒಂದು ಸಣ್ಣ ಅನುಮಾನ. ನಮ್ಮೂರ ಕಾಲೋನಿಯ ಪುಟಗಳಲ್ಲಿ ಮೂವತ್ತೆಂಟು ಹೆರಿಗೆ ಇವೆ. ಮೊದಲ ನಾಲ್ಕು ಮಕ್ಕಳ ತೂಕ ಬೇರೆ ಬೇರೆ. ಆಮೇಲಿನ ಮೂವತ್ನಾಲ್ಕೂ ಎರಡೂವರೆ ಕೆ.ಜಿ. ಊರೊಳಗಿನ ಬೀದಿಗಳಲ್ಲಿ ಹೀಗಿಲ್ಲ. ಕಾಲೋನಿಗೆ ಬೇರೆ ತಕ್ಕಡಿ ಇತ್ತೇನಮ್ಮ?

ನಿನ್ನ ಅಳಿಯ ನಟರಾಜು ಪಾಠ ಮಾಡುವ ಶಾಲೆ ಶುರುವಾಗಿದೆ. ಅಪ್ಪನಿಗೆ ಹೇಳು.

ನಿನ್ನ ಮಗಳು,
ರಾಧಾ


ಹ್ಯಾಂಡ್‌ಪೋಸ್ಟ್ ಹತ್ತಿರದ ನಮ್ಮೂರಿಂದ
25-6-2003

ಚಿ. ಸೌ. ರಾಧಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಎರಡು ಸಲ ಓದಿ ಹೇಳಿದೆ. ಡಾಕ್ಟರ ಮಾತು ಬಂದ ಕಡೆ ನಿಮ್ಮಪ್ಪ ನಂಜಯ್ಯನವರು ತಾವೇ ತೂಗಿದವರ ಹಾಗೆ ಮೀಸೆ ತೀಡಿಕೊಂಡರು. ತೂಕದ ಕೆಲಸಕ್ಕೆ ಅಂದು ನನಗೆ ಕೊಟ್ಟ ಪ್ರಶಸ್ತಿಪತ್ರದ ಗಾಜು ಒರೆಸಿ ಮತ್ತೆ ನಡುಮನೆಯಲ್ಲಿ ನೇತುಹಾಕಿದ್ದಾರೆ. ಹತ್ತಿ ಬಿತ್ತಿ ಆಯಿತು. ಈ ಸಲ ಆನೆ ಹಿಂಡು ಕಾಕನಕೋಟೆ ಕಡೆಯಿಂದ ಇತ್ತ ಇನ್ನೂ ತಲೆಹಾಕಿಲ್ಲ.

ನೀನು ಕೇಳಿದ ತೂಕದ ವಿಚಾರ. ಹದಿಮೂರು ವರ್ಷದ ಹಿಂದಿನದು, ಯಾರಿಗೆ ನೆನಪಿರುತ್ತದೆ? ಆ ತಕ್ಕಡಿಯ ಸ್ಪ್ರಿಂಗು ಮಳೆಗಾಲದಲ್ಲಿ ತುಕ್ಕು ಹಿಡಿದು ಮುಳ್ಳು ಒಂದೇ ಕಡೆ ಅಂಟಿಕೊಳ್ಳುತ್ತಿತ್ತು. ಅಲ್ಲದೆ ಕಾಲೋನಿಯಲ್ಲಿ ತೊಲೆಗೆ ತಕ್ಕಡಿ ಕಟ್ಟಿ ಮಗುವನ್ನು ಜೋಲಿಗೆ ಹಾಕುತ್ತಿದ್ದವಳು ಅಲ್ಲಿಯ ಸೂಲಗಿತ್ತಿ ಕುಳ್ಳಿ. ಅವಳಿಗೆ ಓದು ಬರಹ ಇಲ್ಲ. ಅವಳು ಹೇಳಿದ್ದನ್ನು ನಾನು ಬರೆದುಕೊಂಡಿರಬಹುದು. ಇಷ್ಟು ಸಾವಿರ ಮಕ್ಕಳಲ್ಲಿ ಮೂವತ್ತು ಚಿಲ್ಲರೆಯಿಂದ ನಿಮ್ಮ ಕಂಪ್ಯೂಟರು ಕೆಟ್ಟುಹೋಗುವುದಿಲ್ಲ ಬಿಡು.

ಹುರಿಹಿಟ್ಟು ಕಳಿಸಿದ್ದೇನೆ. ಅಳಿಯಂದಿರಿಗೆ ಕೊಡದೆ ನೀನೇ ಮುಗಿಸಬೇಡ.

ನಿನ್ನ ತಾಯಿ,
ಸೋಮಮ್ಮ


ಹುಣಸೂರು
20-7-2003

ಅಮ್ಮ,

ನೀನು ಬರೆದದ್ದನ್ನು ನಾನು ಡಾಕ್ಟರಿಗೆ ಹೇಳಿಬಿಟ್ಟೆ. ಒಳ್ಳೆಯದಾಗುತ್ತದೆ ಅಂದುಕೊಂಡಿದ್ದೆ. ಅವರು ಕಡತದಲ್ಲಿ "ಅನಕ್ಷರಸ್ಥ ಸೂಲಗಿತ್ತಿಯ ತಪ್ಪು" ಎಂದು ಬರೆದುಕೊಂಡರು. ಸುಳ್ಳು ತೂಕದ ಮಕ್ಕಳನ್ನು ಇಟ್ಟುಕೊಂಡರೆ ಇಡೀ ಲೆಕ್ಕ ಹಾದಿ ತಪ್ಪುತ್ತದಂತೆ. ಮೂವತ್ನಾಲ್ಕನ್ನೂ ಅಧ್ಯಯನದಿಂದ ತೆಗೆಯುತ್ತಾರೆ. ಅವರಿಗೆ ರಕ್ತಪರೀಕ್ಷೆ ಇಲ್ಲ, ವರ್ಷ ವರ್ಷ ನೋಡುವುದೂ ಇಲ್ಲ.

ಇನ್ನೊಂದು ತಿಳಿಯಿತು. ತೊಂಬತ್ತಾರರಲ್ಲಿ ಇಲ್ಲಿಂದ ಒಂದು ಲೇಖನ ಅಚ್ಚಾಗಿತ್ತು. ಕಾಲೋನಿಯ ತಾಯಂದಿರು ಬಸಿರಿನಲ್ಲಿ ತಿನ್ನುವುದು ಕಡಿಮೆ, ಆದರೂ ಮಕ್ಕಳ ತೂಕಕ್ಕೆ ಕೊರತೆಯಿಲ್ಲ, ಇದು ಆಶ್ಚರ್ಯ ಎಂದು. ಆ ಆಶ್ಚರ್ಯವನ್ನು ನಂಬಿ ಅಲ್ಲಿಯ ಬಸುರಿಯರಿಗೆ ಪೌಷ್ಟಿಕ ಹಿಟ್ಟು ಕೊಡುವುದನ್ನು ಕೈಬಿಟ್ಟಿದ್ದಾರೆ. ಏಳು ವರ್ಷದಿಂದ.

ಮೊನ್ನೆ ಸೂಲಗಿತ್ತಿ ಕುಳ್ಳಮ್ಮ ಇಲ್ಲಿಗೆ ಬಂದಿದ್ದಳು. ಮಕ್ಕಳನ್ನು ಕರೆಸುತ್ತಿದ್ದಾರೆಂದು ಯಾರೋ ಹೇಳಿದರಂತೆ. ಎರಡು ಬಸ್ಸು ಬದಲಾಯಿಸಿ ಮೊಮ್ಮಗಳು ಕಾವ್ಯಶ್ರೀಯನ್ನು ಕರೆದುಕೊಂಡು ಬಂದಿದ್ದಳು. ನಮ್ಮ ಮೇಲ್ವಿಚಾರಕರು ಎಲ್ಲರೆದುರು ಬೈದರು, "ನೀನೇ ಅಲ್ವೇನಮ್ಮ ತೂಕ ತಪ್ಪು ಹೇಳಿದ್ದು? ನಿನ್ನಿಂದ ಎಲ್ಲಾ ಹಾಳಾಯ್ತು, ಹೋಗು." ಅವಳು ಮೊಮ್ಮಗಳ ಕೈ ಹಿಡಿದು ಹೊರಟಳು. ನನ್ನನ್ನು ನೋಡಿ ಗುರುತು ಹಿಡಿದು, "ನೀನು ಸೋಮವ್ವೋರ ಮಗಳಲ್ವೇನವ್ವ? ಅವ್ವೋರು ಚೆಂದಾಗವ್ರಾ?" ಅಂದಳು. ಚೆನ್ನಾಗಿದ್ದಾರೆ ಅಂದೆ. ಅಷ್ಟೇ ಅಂದೆ.

ಅಮ್ಮ, ತಕ್ಕಡಿಗಳನ್ನು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಿದ್ದ ಪುಸ್ತಕವೂ ಇಲ್ಲೇ ಇದೆ. ನೋಡಿದೆ. ನಿನ್ನ ತಕ್ಕಡಿ ಮೂರು ವರ್ಷದಲ್ಲಿ ಒಂದು ತಿಂಗಳೂ ಕೆಟ್ಟಿರಲಿಲ್ಲ.

ರಾಧಾ


2-8-2003

ರಾಧಾ,

ಹೆತ್ತ ತಾಯಿಯನ್ನೇ ವಿಚಾರಣೆಗೆ ನಿಲ್ಲಿಸುವ ಕೆಲಸ ಸಿಕ್ಕಿತಲ್ಲ ನಿನಗೆ, ಸಂತೋಷ. ಕಾಲಿನ ಚಪ್ಪಲಿ ಸವೆಯುವಷ್ಟು ನಡೆದವಳು ನಾನು. ಬಸ್ಸಿಲ್ಲ, ರಸ್ತೆಯಿಲ್ಲ, ಕೆಸರಲ್ಲಿ ಹೋಗಿ ಬರೆದ ಪುಸ್ತಕ ಅದು. ಫ್ಯಾನಿನ ಕೆಳಗೆ ಕೂತು ಹಾಳೆ ತಿರುವುವವರಿಗೆ ಏನು ತಿಳಿಯುತ್ತದೆ?

ಮುಗಿದ ಕತೆ ಕೆದಕಬೇಡ. ನನ್ನ ಹೆಸರು ನಿನ್ನ ಹೆಸರೂ ಹೌದು ಅನ್ನುವುದು ನೆನಪಿರಲಿ.

ಸೋಮಮ್ಮ


ಹುಣಸೂರು
1-9-2003

ಅಮ್ಮ,

ಗೌರಿ ಬಾಗಿನ ತಲುಪಿತು. ಸೀರೆ ಚೆನ್ನಾಗಿದೆ. ಇನ್ನೂ ಉಟ್ಟಿಲ್ಲ. ಹಬ್ಬಕ್ಕೆ ರಜೆ ಸಿಗಲಿಲ್ಲವೆಂದು ಅಪ್ಪನಿಗೆ ಹೇಳಿದ್ದೆ. ರಜೆ ಇತ್ತು.

ಒಂದೇ ಪ್ರಶ್ನೆ ಕೇಳುತ್ತೇನೆ, ಮತ್ತೆ ಕೇಳುವುದಿಲ್ಲ. ಆ ಮೂವತ್ನಾಲ್ಕು ಮನೆಗಳ ಒಳಗೆ ನೀನು ಹೋಗಿದ್ದೆಯಾ?

ರಾಧಾ


18-10-2003

ಚಿ. ಸೌ. ರಾಧಾಳಿಗೆ,

ಇಲ್ಲ.

ಈ ಒಂದು ಪದ ಬರೆಯುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ನಾಲ್ಕು ಕಾಗದ ಹರಿದು ಒಲೆಗೆ ಹಾಕಿದೆ. ನಿಮ್ಮಪ್ಪ ಏನು ಬರೀತಿದೀಯ ಅಂತ ಕೇಳಿದರೆ ಹಪ್ಪಳದ ಲೆಕ್ಕ ಅಂದೆ.

ಮೊದಲ ನಾಲ್ಕು ಹೆರಿಗೆಗೆ ಒಳಗೆ ಹೋಗಿದ್ದೆ. ನಾನೇ ಮಗುವನ್ನು ಎತ್ತಿ ಜೋಲಿಗೆ ಹಾಕಿದ್ದೆ. ಮನೆಗೆ ಬಂದರೆ ನಿನ್ನ ಅಜ್ಜಿ ಹಿತ್ತಿಲ ಬಾಗಿಲಲ್ಲಿ ತಣ್ಣೀರು ಇಟ್ಟುಕೊಂಡು ಕಾಯುತ್ತಿದ್ದರು. ಉಟ್ಟ ಸೀರೆಯಲ್ಲೇ ತಲೆಗೆ ಸುರಿದುಕೊಂಡು ಒಳಗೆ ಬರಬೇಕು. "ಊರಲ್ಲಿ ಯಾರ ಮನೆ ಸೊಸೆ ಇಂಥ ಕೆಲ್ಸ ಮಾಡ್ತಾಳೆ ಹೇಳು, ನಾಳೆ ನಮ್ಮನೇಲಿ ಯಾರು ನೀರು ಕುಡೀತಾರೆ?" ಅನ್ನುವರು. ನಿಮ್ಮಪ್ಪ ಬಾಯಿ ಬಿಡಲಿಲ್ಲ. ಐದನೆಯ ಹೆರಿಗೆಗೆ ನಾನು ಅಂಗಳದಲ್ಲೇ ನಿಂತೆ.

ಆ ತಕ್ಕಡಿಯ ಮುಖದ ಮೇಲೆ ಎರಡು ಬಣ್ಣ ಇತ್ತು. ಎರಡೂವರೆ ಕೆ.ಜಿ.ಗಿಂತ ಕಡಿಮೆಯಾದರೆ ಕೆಂಪು, ಮೇಲಾದರೆ ಹಸಿರು. ಓದು ಬಾರದವರಿಗೂ ತಿಳಿಯಲಿ ಅಂತಲೇ ಹಾಗೆ ಮಾಡಿದ್ದರು. ನಾನು ಅಂಗಳದಿಂದ, "ಮುಳ್ಳು ಎಲ್ಲೈತಮ್ಮಿ?" ಅಂತ ಕೂಗುತ್ತಿದ್ದೆ. ಒಳಗಿಂದ ಕುಳ್ಳಮ್ಮ, "ಕೆಂಪಲ್ಲೈತೆ ಕಣ್ರವ್ವೋ" ಅನ್ನುತ್ತಿದ್ದಳು. ಅವಳು ಒಂದು ದಿನವೂ ತಪ್ಪು ಹೇಳಲಿಲ್ಲ ರಾಧಾ. ಕೆಂಪನ್ನು ಕೆಂಪು ಅಂದಳು, ಹಸಿರನ್ನು ಹಸಿರು ಅಂದಳು.

ನಿಯಮ ಏನಿತ್ತೆಂದರೆ, ಕೆಂಪು ಬಂದರೆ ಕಾರ್ಯಕರ್ತೆ ತನ್ನ ಕೈಯಲ್ಲೇ ಮಗುವನ್ನು ಎತ್ತಿ ಮೂರು ಸಲ ತೂಗಬೇಕು, ಉದ್ದ ಅಳೆಯಬೇಕು, ಏಳು ದಿನ ಬಿಡದೆ ಹೋಗಿ ನೋಡಬೇಕು, ಸೊರಗಿದರೆ ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಸೇರಿಸಬೇಕು. ಅಂದರೆ ಒಳಗೆ ಹೋಗಬೇಕು. ಎರಡೂವರೆ ಅಂತ ಬರೆದರೆ ಹೋಗಬೇಕಾಗಿಲ್ಲ. ಗೆರೆಯ ಮೇಲಿನ ತೂಕ, ಯಾರೂ ಪ್ರಶ್ನೆ ಕೇಳುವುದಿಲ್ಲ. ಹಸಿರಿಗೂ ಅದನ್ನೇ ಬರೆದೆ, ಒಳಗೆ ಹೋಗಿ ಮುಳ್ಳು ನೋಡಿದ್ದರೆ ತಾನೇ ಸರಿಯಾದ ಅಂಕಿ ಗೊತ್ತಾಗುವುದು.

ಇದನ್ನೆಲ್ಲ ನಿನ್ನ ಅಜ್ಜಿಯ ತಲೆಗೆ ಕಟ್ಟಿ ಮುಗಿಸೋಣ ಅಂತಿದ್ದೆ. ಹರಿದ ನಾಲ್ಕು ಕಾಗದದಲ್ಲೂ ಹಾಗೇ ಬರೆದಿದ್ದೆ. ಆದರೆ ತೊಂಬತ್ತರ ಸಂಕ್ರಾಂತಿಗೆ ಮುಂಚೆಯೇ ಅವರು ತೀರಿಹೋದರು. ಹಿತ್ತಿಲಲ್ಲಿ ನೀರು ಇಟ್ಟುಕೊಂಡು ಕಾಯುವವರು ಯಾರೂ ಇರಲಿಲ್ಲ. ಆಮೇಲೂ ಎರಡು ವರ್ಷ ನಾನು ಅಂಗಳದಲ್ಲೇ ನಿಂತೆ. ಅದು ನನ್ನದು, ಬೇರೆ ಯಾರದೂ ಅಲ್ಲ.

ನೀನು ಕೇಳಿದಾಗ ಕುಳ್ಳಮ್ಮನ ಹೆಸರು ಎಷ್ಟು ಸಲೀಸಾಗಿ ಬಂತು ನೋಡು. ಯೋಚನೆ ಕೂಡ ಮಾಡಲಿಲ್ಲ. ಅವಳು ನಿಮ್ಮ ಆಫೀಸಿನಲ್ಲಿ ಬೈಸಿಕೊಂಡು ನನ್ನ ಕ್ಷೇಮ ಕೇಳಿದಳು ಅಂತ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಆ ಸಂಕಟಕ್ಕೇ ನಿನ್ನ ಮೇಲೆ ರೇಗಿ ಬರೆದದ್ದು.

ನಡುಮನೆಯ ಪ್ರಶಸ್ತಿಪತ್ರ ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ. ಗೋಡೆಯಲ್ಲಿ ಅದರ ಗುರುತು ಬೆಳ್ಳಗೆ ಉಳಿದಿದೆ.

ನಾಚಿಕೆಯಿಂದ,
ನಿನ್ನ ತಾಯಿ


ಹುಣಸೂರು
2-11-2003

ಅಮ್ಮ,

ನಿನ್ನ ಕಾಗದವನ್ನು ಆಫೀಸಿಗೆ ತೆಗೆದುಕೊಂಡು ಹೋಗಿ ಹಾಗೇ ವಾಪಸ್ಸು ತಂದೆ. ನಿನ್ನ ತಪ್ಪನ್ನು ನಾನು ಹೇಳುವುದಿಲ್ಲ. ಹೇಳಿದರೆ ಅದು ಚಾಡಿಯಾಗುತ್ತದೆ.

ದಾರಿ ಮಾತ್ರ ವಿಚಾರಿಸಿದ್ದೇನೆ. ತೂಕ ಸುಳ್ಳಾದರೆ ಮಗುವನ್ನು ತೆಗೆಯುತ್ತಾರೆ. ತೂಕ ಗೊತ್ತಿಲ್ಲ ಎಂದು ಬರೆದವರೇ ಒಪ್ಪಿಕೊಂಡರೆ ಮಗು ಉಳಿಯುತ್ತದೆ. ಕೆಂಪೋ ಹಸಿರೋ ಎಂದು ಹೆರಿಗೆ ಮಾಡಿಸಿದವರು ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಾರೆ. ಒಂದೊಂದು ಮಗುವಿಗೂ ಒಂದೊಂದು ತಿದ್ದುಪಡಿ ಫಾರಂ. ಮೂವತ್ನಾಲ್ಕು ಫಾರಂ ಇದರೊಳಗಿವೆ. "ಕಾರಣ" ಎಂಬ ಕೋಣೆಯನ್ನು ತುಂಬಲೇಬೇಕು. ಲೇಖನ ತಿದ್ದುವಾಗ ಆ ಕಾರಣವೂ ಅಚ್ಚಾಗುತ್ತದೆ, ಊರಿಗೂ ಗೊತ್ತಾಗುತ್ತದೆ. ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತಾರೆ.

ನಾನು ನ್ಯಾಯಾಧೀಶೆಯ ಹಾಗೆ ಬರೆದೆ ಅಂತ ನಿನಗೆ ಅನ್ನಿಸಿರಬಹುದು. ನನಗೂ ಒಂದು ನೆನಪಾಯಿತು. ತಕ್ಕಡಿಯ ಜೋಲಿ ಬಟ್ಟೆಗಳು ಎರಡಿದ್ದವು. ಊರೊಳಗಿನದನ್ನು ನೀನು ಕೈಯಲ್ಲಿ ಒಗೆಯುತ್ತಿದ್ದೆ. ಕಾಲೋನಿಯದನ್ನು ಹಿತ್ತಿಲಲ್ಲಿ ಕೋಲಿನಿಂದ ಎತ್ತಿ ಬಿಸಿನೀರಿಗೆ ಹಾಕುತ್ತಿದ್ದವಳು ನಾನು. ನನಗೆ ಹತ್ತು ವರ್ಷ. ಯಾರೂ ಬಲವಂತ ಮಾಡಲಿಲ್ಲ. ಅದೊಂದು ಆಟದ ಹಾಗಿತ್ತು.

ರಾಧಾ


24-11-2003

ಚಿ. ಸೌ. ರಾಧಾಳಿಗೆ,

ಫಾರಂಗಳನ್ನು ಇಟ್ಟುಕೊಂಡು ಹದಿನೈದು ದಿನ ಕೂತಿದ್ದೆ. ಬಣ್ಣ ಕೇಳಬೇಕಾದರೆ ಕುಳ್ಳಮ್ಮನ ಹತ್ತಿರ ಹೋಗಲೇಬೇಕು. ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಹತ್ತಿಯ ಬೀಜ ಬಿಡಿಸುತ್ತಾ, "ನಾನೂ ಅವತ್ತು ಬಾಯಿ ಬಿಡ್ನಿಲ್ಲ ಕಣೆ" ಅಂದರು. ಜೊತೆಗೆ ಬರುತ್ತೇನೆ ಅಂದರು, ನಾನೇ ಬೇಡ ಅಂದೆ.

ಮೊನ್ನೆ ಬೆಳಿಗ್ಗೆ ಹೋದೆ. ನಮ್ಮ ಮನೆಯಿಂದ ಅವಳ ಮನೆಗೆ ಒಂದು ಕೂಗಳತೆ. ಹನ್ನೆರಡು ವರ್ಷದಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಕುಳ್ಳಮ್ಮ ರಾಗಿ ಕೇರುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ಒಳಗೆ ಕರೆಯಲಿಲ್ಲ. ಜಗಲಿಗೆ ಚಾಪೆ ಹಾಸಿ, "ಕೂತ್ಕಳಿ ಅವ್ವೋರೆ" ಅಂದಳು. ಕರೆಯುತ್ತಾಳೆ, ಒಳಗೆ ಹೋಗಿ ದೊಡ್ಡತನ ತೋರಿಸೋಣ ಅಂತ ಮನಸ್ಸಿನಲ್ಲಿ ಇತ್ತೇನೋ ನನಗೆ. ಅದೂ ಆಗಲಿಲ್ಲ, ಚಾಪೆಯ ಮೇಲೆ ಕೂತೆ.

"ನಿನ್ನ ಮೇಲೆ ನಾನೇ ಸುಳ್ಳು ಹೇಳಿದ್ದು, ತಪ್ಪು ನನ್ನದು" ಅಂದೆ. ಅವಳು, "ಗೊತ್ತು ಬುಡಿ" ಅಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಫಾರಂ ತೆಗೆದೆ. ನಾನು ತಾಯಿಯ ಹೆಸರು ಓದಿದೆ, ಅವಳು ಬಣ್ಣ ಹೇಳಿದಳು. ಒಂದಕ್ಕೂ ತಡವರಿಸಲಿಲ್ಲ. ಇಷ್ಟು ವರ್ಷದ ಮೇಲೆ ಹೇಗೆ ನೆನಪಿದೆ ಅಂತ ಕೇಳಿದೆ. "ಕೆಂಪಿನ ಮಕ್ಳ ಮನೆಗೆ ದಿನಾ ಓಗಿ, ಬಾಣಂತಿ ಎದೆಗೆ ಮಗೀನ ಕಟ್ಟಿ, ಬಿಸಿ ಆಗಗಂಟ ಕೂತಿರ್ತಿದ್ದೋಳು ನಾನು. ಮರೆಯಕ್ಕಾದದಾ?" ಅಂದಳು. ನಾನು ಹೋಗಬೇಕಾಗಿದ್ದ ಏಳು ದಿನ, ಅವಳು ಹೋಗಿದ್ದಳು. ಯಾರೂ ಹೇಳಿರಲಿಲ್ಲ. ಅವಳಿಗೆ ಯಾವ ಪುಸ್ತಕದಲ್ಲೂ ಹೆಸರಿಲ್ಲ.

ಇಪ್ಪತ್ತೆರಡು ಕೆಂಪು, ಹನ್ನೆರಡು ಹಸಿರು. ಅವಳ ಮೊಮ್ಮಗಳು ಕಾವ್ಯಶ್ರೀಯೂ ಕೆಂಪು.

ಚಿಕ್ಕಸಿದ್ದಮ್ಮನ ಹೆಸರು ಓದಿದಾಗ ಮಾತ್ರ ಕೆಳಗಿಟ್ಟ ಮೊರವನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, "ಕಡುಗೆಂಪು ಕಣವ್ವ. ಒಂಬತ್ತನೇ ದಿನಕ್ಕೆ ಓಯ್ತಲ್ಲ. ನಾನು ಎದೆಗವಚಿಕೊಂಡ್ರೆ ಸಾಲ್ದಾಯ್ತು, ಆಸ್ಪತ್ರೆ ಬೇಕಿತ್ತು" ಅಂದಳು. ನನಗೆ ಆ ಸಾಲು ನೆನಪಿದೆ. ತೂಕ ಎರಡೂವರೆ ಅಂತ ಬರೆದು, ಒಂಬತ್ತನೇ ದಿನ ಅದರ ಪಕ್ಕದಲ್ಲೇ "ಮರಣ, ಕಾರಣ ತಿಳಿಯದು" ಅಂತ ನಾನೇ ಬರೆದಿದ್ದೆ. ಚಿಕ್ಕಸಿದ್ದಮ್ಮ ಆ ಬೀದಿಯ ಕೊನೆಯಲ್ಲೇ ಇದ್ದಾಳೆ. ಅವಳ ಹತ್ತಿರವೂ ಹೋದೆ. ಅಲ್ಲಿ ನಡೆದದ್ದನ್ನು ನಾನು ಬರೆಯಲಾರೆ.

ಎದ್ದು ಬರುವಾಗ ಕುಳ್ಳಮ್ಮನನ್ನು ಕೇಳಿದೆ. ನಾನು ಹಾಗೆ ಹೊರಗೇ ನಿಲ್ಲುತ್ತಿದ್ದೆನಲ್ಲ, ಒಳಗಿನವರು ಏನೂ ಅನ್ನುತ್ತಿರಲಿಲ್ಲವೇ ಅಂತ. ಕೇಳಬಾರದಿತ್ತು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅನ್ನೋರು. ಅವ್ವೋರು ಯಾಕ್ ಒಳಕ್ ಬರಾಕಿಲ್ಲ ಅಂತ ಕೇಳೋರು. ಆಗ್ತಾನೆ ಹೆತ್ತು ಮಲಗಿರೋ ಎಣ್ಣುಮಗಳಿಗೆ, ನಿನ್ ಮಗೀನ ಮುಟ್ಟಕ್ಕೆ ಅವ್ರು ಒಲ್ರು ಕಣಮ್ಮಿ ಅಂತ ಎಂಗ್ ಹೇಳ್ಲಿ? ಅವ್ವೋರಿಗೆ ರಕ್ತ ಕಂಡ್ರೆ ತಲೆ ಸುತ್ತುತ್ತೆ, ಅದ್ಕೇ ಆಚೆ ನಿಂತವ್ರೆ ಅಂತಿದ್ದೆ. ನಂಬೋರು. ಪಾಪ ಅನ್ನೋರು ನಿಮ್ಮ."

ನಾನು ಕುಳ್ಳಮ್ಮನ ಮೇಲೆ ಒಂದು ಸುಳ್ಳು ಹೇಳಿದೆ. ಅವಳೂ ನನ್ನ ವಿಚಾರದಲ್ಲಿ ಮೂರು ವರ್ಷ ಸುಳ್ಳು ಹೇಳಿದ್ದಳು. ಹೆತ್ತು ಮಲಗಿದ್ದ ಆ ಹೆಂಗಸರು, ಹೊಟ್ಟೆಗಿಲ್ಲದ ಆ ಹೆಂಗಸರು, ಹೊರಗೆ ಬಿಸಿಲಲ್ಲಿ ನಿಂತ ನನಗೆ ಪಾಪ ಅಂದರಂತೆ ರಾಧಾ. ಮನೆಗೆ ಬರುವ ದಾರಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಬಂದೆ.

ಮೂವತ್ನಾಲ್ಕು ಫಾರಂ ಇದರೊಂದಿಗೆ ಇವೆ. ಬಣ್ಣ ಹೇಳಿದವರ ಜಾಗದಲ್ಲಿ ಕುಳ್ಳಮ್ಮನ ಹೆಬ್ಬೆಟ್ಟು ಇದೆ, ಹೆಸರೂ ಇದೆ. ಅವಳನ್ನೂ ಕಾವ್ಯಶ್ರೀಯನ್ನೂ ನಿಮ್ಮ ಮೇಲ್ವಿಚಾರಕರು ಯಾವ ಜಾಗದಲ್ಲಿ ನಿಲ್ಲಿಸಿ ಬೈದರೋ ಅಲ್ಲೇ ಕೂರಿಸಿ ಮಾತಾಡಿಸಬೇಕು ಅಂತ ಡಾಕ್ಟರಿಗೆ ಬೇರೆ ಕಾಗದ ಬರೆದಿದ್ದೇನೆ.

ಕಾರಣದ ಕೋಣೆ ಬಹಳ ಚಿಕ್ಕದು. ಮೊದಲನೆಯದರಲ್ಲಿ ಬರೆದು, ಉಳಿದವಕ್ಕೆಲ್ಲ "ಮೇಲಿನಂತೆ" ಅಂತ ಹಾಕೋಣವೆಂದು ಪೆನ್ನು ಇಟ್ಟೆ. ಮತ್ತದೇ ಬುದ್ಧಿ ಅನ್ನಿಸಿ ಎತ್ತಿಬಿಟ್ಟೆ. ಮೂವತ್ನಾಲ್ಕರಲ್ಲೂ ಪೂರ್ತಿ ಬರೆದಿದ್ದೇನೆ: "ತೂಕ ಗೊತ್ತಿಲ್ಲ. ಜಾತಿ ನೋಡಿ ನಾನು ಒಳಗೆ ಹೋಗಲಿಲ್ಲ. ಮಗುವನ್ನು ಮುಟ್ಟಲಿಲ್ಲ."

ಇವನ್ನು ಕಂಪ್ಯೂಟರಿಗೆ ಹತ್ತಿಸುವವಳು ನೀನೇ ತಾನೇ. ಒಂದು ಸಲ ಹೊಡೆದು ಉಳಿದದ್ದಕ್ಕೆ ಅಂಟಿಸಬೇಡ. ಒಂದೊಂದನ್ನೂ ನಿನ್ನ ಕೈಯಿಂದಲೇ ಹೊಡಿ.

ನಿನ್ನ ತಾಯಿ,
ಸೋಮಮ್ಮ